ವರ್ಷಗಳ ನಂತರ ಮತ್ತೆ ವ್ಯಾಯಾಮ: ನಂಬಿಕೆ ಏನು, ನಿಜ ಏನು?

ಕಾಲೇಜಿನ ದಿನಗಳಲ್ಲಿ 60 ಕಿಲೋ ಎತ್ತುತ್ತಿದ್ದವರು ಆ ಸಂಖ್ಯೆಯನ್ನು ಮರೆಯುವುದಿಲ್ಲ. ಆಮೇಲೆ ಕೆಲಸ, ಮದುವೆ, ಮಕ್ಕಳು, ಮನೆ ಸಾಲ ಎಂದು ಎಂಟು ಹತ್ತು ವರ್ಷ ಸರಿದುಹೋಗಿರುತ್ತದೆ. ಒಂದು ದಿನ ಮೂರು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ಮರುದಿನವೇ ಜಿಮ್ ಫೀಸು ಕಟ್ಟಿಯಾಗುತ್ತದೆ. ಎರಡು ವಾರದಲ್ಲಿ ಹೋಗುವುದು ನಿಂತೂಹೋಗುತ್ತದೆ. ಸೋಮಾರಿತನ ಎಂದು ತಮ್ಮನ್ನೇ ಬೈದುಕೊಳ್ಳುವವರು ಬಹಳ. ಆದರೆ ಎಷ್ಟೋ ಸಲ ಅವರ ಕಾಲಿಗೆ ತೊಡರುವುದು ಜಿಮ್ಮಿನಲ್ಲೂ ಮನೆಯಲ್ಲೂ ಕೇಳಿ ನಂಬಿದ ಕೆಲವು ಮಾತುಗಳು.

ತಪ್ಪು ಕಲ್ಪನೆ 1: ಬಿಟ್ಟು ಇಷ್ಟು ವರ್ಷವಾಯಿತು, ಸ್ನಾಯುವೆಲ್ಲ ಕೊಬ್ಬಾಗಿದೆ. ಇನ್ನು ಸೊನ್ನೆಯಿಂದ ಶುರು.

ಸತ್ಯ: ಸ್ನಾಯು ಯಾವತ್ತೂ ಕೊಬ್ಬಾಗುವುದಿಲ್ಲ, ಎರಡೂ ಬೇರೆ ಬೇರೆ ಅಂಗಾಂಶಗಳು. ವ್ಯಾಯಾಮ ನಿಂತಾಗ ಸ್ನಾಯುವಿನ ಎಳೆಗಳು ಸಣ್ಣಗಾಗುತ್ತವೆ, ಊಟ ಮೊದಲಿನಷ್ಟೇ ಇದ್ದರೆ ಕೊಬ್ಬು ಕೂಡುತ್ತದೆ. ಎರಡೂ ಒಟ್ಟಿಗೇ ನಡೆಯುವುದರಿಂದ ಒಂದು ಇನ್ನೊಂದಾದ ಹಾಗೆ ಕಾಣುತ್ತದೆ. ಭಾರ ಎತ್ತಿ ಬೆಳೆದ ಸ್ನಾಯುಕೋಶಗಳಿಗೆ ಹೊಸ ನ್ಯೂಕ್ಲಿಯಸ್‌ಗಳು ಸೇರಿಕೊಳ್ಳುತ್ತವೆ. ಸ್ನಾಯು ಸೊರಗಿದ ಮೇಲೂ ಅವು ಉಳಿದಿದ್ದನ್ನು ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇಲಿಗಳಲ್ಲಿ ತೋರಿಸಿದರು. ಮನುಷ್ಯರಲ್ಲಿ ಅವು ಎಷ್ಟು ಕಾಲ ಉಳಿಯುತ್ತವೆ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ. ಆದರೂ ಒಮ್ಮೆ ಗಳಿಸಿದ ಶಕ್ತಿ ಎರಡನೇ ಸಲ ಬೇಗ ಕೈಗೆ ಸಿಗುತ್ತದೆ. ಕಲಿತ ಚಲನೆಯನ್ನು ನರಮಂಡಲವೂ ನೆನಪಿಟ್ಟುಕೊಂಡಿರುತ್ತದೆ, ಸೈಕಲ್ ಹೊಡೆಯುವುದು ಮರೆಯದ ಹಾಗೆ.

ತಪ್ಪು ಕಲ್ಪನೆ 2: ಹಾಗಾದರೆ ಹಳೆಯ ತೂಕದಿಂದಲೇ ಆರಂಭಿಸಬಹುದು.

ಸತ್ಯ: ಹೆಚ್ಚಿನ ಪೆಟ್ಟು ಬೀಳುವುದು ಇಲ್ಲೇ. ಸ್ನಾಯು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆ. ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎತ್ತಬಲ್ಲೆ ಎಂದು ತೋಳು ಹೇಳುವಾಗ ಭುಜದ ಕೀಲು ಇನ್ನೂ ಸಿದ್ಧವಾಗಿರುವುದಿಲ್ಲ. ಹಳೆಯ ತೂಕದ ಅರ್ಧ, ಅಥವಾ ಅದಕ್ಕೂ ಕಡಿಮೆ ಹಿಡಿಯಿರಿ. ಸೆಟ್ ಮುಗಿದಾಗ ಇನ್ನೂ ಮೂರ್ನಾಲ್ಕು ಸಲ ಎತ್ತಬಹುದಿತ್ತು ಅನ್ನಿಸಬೇಕು. ಮೊದಲ ದಿನವೇ ಮಿತಿ ಮೀರಿದರೆ ಸ್ನಾಯುಕೋಶಗಳು ಒಡೆದು, ಅವುಗಳೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗುವುದೂ ಉಂಟು. ವ್ಯಾಯಾಮದ ನಂತರ ವಿಪರೀತ ನೋವು ಊತದ ಜೊತೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತಪ್ಪು ಕಲ್ಪನೆ 3: ಮೈಕೈ ನೋಯದಿದ್ದರೆ ವ್ಯಾಯಾಮ ಫಲಿಸಿಲ್ಲ. ಆ ನೋವು ಲ್ಯಾಕ್ಟಿಕ್ ಆಸಿಡ್‌ನದು.

ಸತ್ಯ: ವ್ಯಾಯಾಮ ನಿಂತ ಸುಮಾರು ಒಂದು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಮೈಕೈ ನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ. ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆಹಿಡಿಯುವಾಗ ಅದರ ಎಳೆಗಳಲ್ಲಿ ಆಗುವ ಸೂಕ್ಷ್ಮ ಹಾನಿ, ಅದರ ಹಿಂದೆ ಬರುವ ಉರಿಯೂತ ಇದಕ್ಕೆ ಮುಖ್ಯ ಕಾರಣ. ಬಸ್ಕಿಯಲ್ಲಿ ಕೆಳಗೆ ಕೂರುವುದು, ಮೆಟ್ಟಿಲು ಇಳಿಯುವುದು ಅಂಥ ಚಲನೆಗಳು. ಕುಮಾರಪರ್ವತ ಹತ್ತಿದವರನ್ನು ಕೇಳಿ: ಮರುದಿನ ತೊಡೆ ಹಿಡಿದುಕೊಂಡಿದ್ದರೆ ಅದು ಹೆಚ್ಚಾಗಿ ಇಳಿದದ್ದರ ಫಲ. ಅದೇ ವ್ಯಾಯಾಮವನ್ನು ಮತ್ತೆ ಮಾಡಿದಾಗ ನೋವು ಕಡಿಮೆಯಾಗುತ್ತದೆ; ಹಾಗೆಂದು ಲಾಭ ನಿಂತಿತು ಎಂದಲ್ಲ. ಕೀಲಿನೊಳಗೆ ಚುಚ್ಚುವ ನೋವು ಮಾತ್ರ ಬೇರೆ ಸಂಗತಿ, ಅಲ್ಲಿಗೇ ನಿಲ್ಲಿಸಬೇಕು.

ತಪ್ಪು ಕಲ್ಪನೆ 4: ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆ ಕರಗುತ್ತದೆ, ಬೆವರಿದಷ್ಟೂ ಕೊಬ್ಬು ಇಳಿಯುತ್ತದೆ.

ಸತ್ಯ: ದೇಹ ಕೊಬ್ಬನ್ನು ಎಲ್ಲ ಕಡೆಯಿಂದ ರಕ್ತಕ್ಕೆ ಬಿಟ್ಟು ಬಳಸುತ್ತದೆ. 1971ರ ಒಂದು ಅಧ್ಯಯನದಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದರು. ರ‍್ಯಾಕೆಟ್ ಹಿಡಿವ ತೋಳು ದಪ್ಪವಾಗಿತ್ತು, ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇನ್ನು ಬೆವರು ಎಂದರೆ ನೀರು ಮತ್ತು ಉಪ್ಪು. ಅದರಿಂದ ಇಳಿದ ತೂಕ ನೀರು ಕುಡಿದೊಡನೆ ಮರಳುತ್ತದೆ.

ತಪ್ಪು ಕಲ್ಪನೆ 5: ದಿನಾ ಒಂದು ಗಂಟೆ ಜಿಮ್, ಇಲ್ಲವೇ 10,000 ಹೆಜ್ಜೆ. ಅದಕ್ಕಿಂತ ಕಡಿಮೆಯಾದರೆ ದಂಡ.

ಸತ್ಯ: 10,000 ಎಂಬ ಸಂಖ್ಯೆ ಜನಪ್ರಿಯವಾದದ್ದು 1960ರ ದಶಕದ ಜಪಾನಿನಲ್ಲಿ, ಹೆಜ್ಜೆ ಎಣಿಸುವ ಒಂದು ಯಂತ್ರದ ಹೆಸರಿನಿಂದ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ. ಒಂದೇ ಸಮನೆ 10 ನಿಮಿಷವಾದರೂ ಮಾಡಬೇಕೆಂಬ ಹಳೆಯ ಷರತ್ತನ್ನೂ ಅದು ಕೈಬಿಟ್ಟಿದೆ. ದೊಡ್ಡ ಯಂತ್ರಗಳೇ ಬೇಕೆಂದೂ ಇಲ್ಲ. ‘ಶಾಂತಲಾ’ ಕಾದಂಬರಿ ಬರೆದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದವರು, ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದವರು. ಅವರ ಪದ್ಧತಿಯಲ್ಲಿ ಭಾರ ಎತ್ತುವುದರ ಜೊತೆ ಸೂರ್ಯನಮಸ್ಕಾರಕ್ಕೂ ಜಾಗವಿತ್ತು. ಬಸ್ಕಿ, ಗೋಡೆಗೆ ಕೈಯೂರಿ ಮಾಡುವ ದಂಡ ಇವತ್ತಿಗೂ ಒಳ್ಳೆಯ ಆರಂಭವೇ.

ತಪ್ಪು ಕಲ್ಪನೆ 6: ಈ ವಯಸ್ಸಿನಲ್ಲಿ ಇನ್ನೇನು ಸ್ನಾಯುಬಲ?

ಸತ್ಯ: 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ ವೃದ್ಧರ ಆರೈಕೆ ಕೇಂದ್ರದ ನಿವಾಸಿಗಳು ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿದರು. ಅವರ ಸರಾಸರಿ ವಯಸ್ಸು 90. ಶಕ್ತಿ ಸರಾಸರಿ ಶೇ. 174ರಷ್ಟು ಹೆಚ್ಚಿತು.

ಮೊದಲ ತಿಂಗಳು ಹೀಗಿರಲಿ

ವಾರಕ್ಕೆ ಎರಡು ಮೂರು ದಿನ, 20ರಿಂದ 30 ನಿಮಿಷ. ಐದು ನಿಮಿಷ ನಡೆದು ಮೈ ಬಿಸಿಮಾಡಿಕೊಳ್ಳಿ. ಕೂತು ಏಳುವುದು, ತಳ್ಳುವುದು, ಎಳೆಯುವುದು, ನೆಲದಿಂದ ಭಾರ ಎತ್ತುವುದು: ಈ ನಾಲ್ಕು ಬಗೆಯ ಚಲನೆ ಸಾಕು. ಉಳಿದ ದಿನ ಬಿರುಸಿನ ನಡಿಗೆ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎದೆನೋವು, ತಲೆಸುತ್ತು ಇದ್ದವರು, ಹೃದ್ರೋಗ, ರಕ್ತದೊತ್ತಡ, ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕಾಣಲೇಬೇಕು.

ಆ 60 ಕಿಲೋ ಸದ್ಯಕ್ಕೆ ರ‍್ಯಾಕಿನ ಮೇಲೆಯೇ ಇರಲಿ. ಈ ತಿಂಗಳು ಕ್ಯಾಲೆಂಡರಿನಲ್ಲಿ ಎಷ್ಟು ದಿನಕ್ಕೆ ಗುರುತು ಬಿತ್ತು ಎಂಬುದನ್ನಷ್ಟೇ ಎಣಿಸಿ. ಎಂಟು ಹತ್ತು ಗುರುತು ಬಿದ್ದಿದ್ದರೆ ನೀವು ಮರಳಿ ಬಂದಿದ್ದೀರಿ.