ನಿಬ್ಬಿನ ಜೀವ ಅದರ ಸೀಳಿನಲ್ಲಿ

ಕ್ಯಾಲಿಗ್ರಫಿ ಕಲಿಯಲು ಕೂತವರು ಮೊದಲು ದೂರುವುದು ಮಸಿಯನ್ನು, ಆಮೇಲೆ ಕಾಗದವನ್ನು. ಹೊಸ ನಿಬ್ಬನ್ನು ಅದ್ದಿ ತೆಗೆದರೆ ಮಸಿ ಹರಡಿಕೊಳ್ಳದೆ ಹನಿಗಟ್ಟುತ್ತದೆ. ಕಾಗದಕ್ಕೆ ತಾಗಿಸಿದೊಡನೆ ಒಮ್ಮೆಲೇ ಇಳಿದು ಚಿತ್ತಾಗುತ್ತದೆ. ಮಸಿಯ ತಪ್ಪೇನೂ ಇಲ್ಲ. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರೇ ನಿಬ್ಬಿಗೆ ಎಣ್ಣೆಯನ್ನೋ ತೆಳುವಾದ ಮೆರುಗೆಣ್ಣೆಯನ್ನೋ ಬಳಿದು ಕಳಿಸಿರುತ್ತಾರೆ. ಪಾತ್ರೆ ತೊಳೆಯುವ ಸೋಪು ಬೆರೆಸಿದ ಬೆಚ್ಚನೆ ನೀರಿನಲ್ಲಿ ಹಳೆಯ ಟೂತ್‌ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ ಒರೆಸಿದರೆ ಸಾಕು. ಬೆಂಕಿಕಡ್ಡಿಯ ಉರಿಗೆ ಹಿಡಿಯುವ ರೂಢಿಯೂ ಇದೆ, ಆದರೆ ನನಗೆ ಅದು ಒಪ್ಪಿಗೆಯಿಲ್ಲ. ಉರಿ ಸ್ವಲ್ಪ ಹೆಚ್ಚಾದರೂ ಉಕ್ಕಿನ ಹದ ಕೆಟ್ಟು, ನಿಬ್ಬು ಬಾಗಿ ಮರಳುವ ಗುಣವನ್ನೇ ಕಳೆದುಕೊಳ್ಳುತ್ತದೆ.

ಆ ಹದ ಬರಲು ಎಷ್ಟು ಕೈಗಳು ದುಡಿದವು ಎಂಬುದನ್ನು ಕಾಣಬೇಕಾದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಬೇಕು. 19ನೇ ಶತಮಾನದಲ್ಲಿ ಉಕ್ಕಿನ ನಿಬ್ಬುಗಳಿಗೆ ಅದೇ ತವರು. ಅಲ್ಲಿನ ಜೋಸೆಫ್ ಗಿಲಟ್ 1831ರಲ್ಲಿ ಪೇಟೆಂಟ್ ಪಡೆದರು. ಅವರ ಹೆಸರಿನ 303 ನಂಬರಿನ ನಿಬ್ಬನ್ನು ಕ್ಯಾಲಿಗ್ರಫಿ ಬರೆಯುವವರು ಈಗಲೂ ಹುಡುಕಿ ಕೊಳ್ಳುತ್ತಾರೆ. ಉಕ್ಕಿನ ತಗಡಿನಿಂದ ಆಕಾರ ಕತ್ತರಿಸಿ, ತೂತು ಕೊರೆದು, ಕಾಯಿಸಿ ಮೆತ್ತಗಾಗಿಸಿ, ಬಾಗಿಸಿ, ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಹದಕ್ಕೆ ತಂದು, ಸಾಣೆ ಹಿಡಿದ ಮೇಲೆ ಸೀಳುವ ಕೆಲಸ. ಕೈಯಿಂದ ಒತ್ತುವ ಆ ಯಂತ್ರಗಳ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಫ್ರೆಡರಿಕ್ ಸ್ಟ್ರೀಟಿನ ಹಳೆಯ ಪೆನ್ ಕಾರ್ಖಾನೆಯೊಂದರ ಕಟ್ಟಡದಲ್ಲಿ 2001ರಲ್ಲಿ ಪೆನ್ ಮ್ಯೂಸಿಯಂ ಶುರುವಾಯಿತು. ನೋಡಲು ಬಂದವರೂ ಅಲ್ಲಿ ಯಂತ್ರ ಒತ್ತಿ ತಮ್ಮದೊಂದು ನಿಬ್ಬು ಮಾಡಿಕೊಳ್ಳಬಹುದು.

ನಿಬ್ಬಿನ ಕೆಲಸವೆಲ್ಲ ನಡೆಯುವುದು ಆ ಕೂದಲೆಳೆಯ ಸೀಳಿನಲ್ಲಿ. ನಡುವಿನ ತೂತು ಮುಳುಗುವಷ್ಟು ಅದ್ದಿ, ಬಾಟಲಿಯ ಅಂಚಿಗೆ ತಾಗಿಸಿ ಹೆಚ್ಚಿನ ಮಸಿ ಇಳಿಸಬೇಕು. ಚೂಪು ನಿಬ್ಬನ್ನು ಕೆಳಗೆಳೆಯುವಾಗ ಒತ್ತಿದರೆ ಎರಡು ಹೋಳೂ ಅಗಲಿ ಗೆರೆ ದಪ್ಪವಾಗುತ್ತದೆ. ಮೇಲೆ ಹೋಗುವಾಗ ಕೈ ಹಗುರಾಗಬೇಕು, ಇಲ್ಲದಿದ್ದರೆ ತುದಿ ಕಾಗದದ ನಾರಿಗೆ ಸಿಕ್ಕಿ ಮಸಿ ಚಿಮ್ಮುತ್ತದೆ. ಕನ್ನಡಕ್ಕೆ ಇದು ಸಣ್ಣ ತೊಡಕಲ್ಲ. ‘ಠ’ ಬರೆಯಲು ಹೋಗಿ ನೋಡಿ: ಸುತ್ತಿನ ಅರ್ಧ ದಾರಿ ಮೇಲ್ಮುಖವೇ. ಆದ್ದರಿಂದ ನಮ್ಮ ದುಂಡಕ್ಷರಕ್ಕೆ ಅಗಲ ತುದಿಯ ನಿಬ್ಬೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದನ್ನು ಒಂದೇ ಓರೆಯಲ್ಲಿ ಹಿಡಿದರೆ ಒತ್ತದೆಯೇ ದಪ್ಪ, ತೆಳು ತಾವಾಗಿ ಬರುತ್ತವೆ.

ಒರೆಸುವುದನ್ನು ಬರೆದು ಮುಗಿಸಿದ ಮೇಲಿನ ಕೆಲಸ ಎಂದುಕೊಳ್ಳಬಾರದು. ಅದು ಬರವಣಿಗೆಯ ಭಾಗವೇ. ಮಗ್ಗುಲಲ್ಲಿ ಒಂದು ಲೋಟ ನೀರು, ನೂಲು ಬಿಡದ ಹತ್ತಿಬಟ್ಟೆ ಇಟ್ಟುಕೊಂಡು, ನಾಲ್ಕಾರು ಸಾಲಿಗೊಮ್ಮೆ ನಿಬ್ಬನ್ನು ಅದ್ದಿ, ಬುಡದಿಂದ ತುದಿಯ ಕಡೆಗೆ ಒರೆಸಬೇಕು. ಅರಗು ಬೆರೆತ ಇಂಡಿಯನ್ ಇಂಕು ಸೀಳಿನಲ್ಲಿ ಒಣಗಿತೆಂದರೆ ನೀರಿಗೆ ಬಗ್ಗುವುದಿಲ್ಲ, ಸ್ಪಿರಿಟ್ಟೇ ಬೇಕು. ಐರನ್ ಗಾಲ್ ಮಸಿ ಉಕ್ಕನ್ನೇ ತಿನ್ನುತ್ತದೆ. ಹಾಗೆಂದು ರಾತ್ರಿಯಿಡೀ ನೀರಲ್ಲಿ ನೆನೆಹಾಕಿದರೆ ಬೆಳಗಾಗುವಷ್ಟರಲ್ಲಿ ತುಕ್ಕು ಸೀಳನ್ನು ಹೊಕ್ಕಿರುತ್ತದೆ. ನಿಬ್ಬನ್ನು ಹಿಡಿಕೆಯಿಂದ ಬಿಡಿಸಿ ಬುಡದ ತೇವವನ್ನೂ ತೆಗೆಯಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಮುಚ್ಚಳದ ಡಬ್ಬಿಯೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ ಇರಲೇಬೇಕು.

ಎಷ್ಟೇ ಜೋಪಾನ ಮಾಡಿದರೂ ಚೂಪು ನಿಬ್ಬು ಸವೆಯುತ್ತದೆ. ಮೇಲ್ಗೆರೆ ಮೊದಲಿನಷ್ಟು ತೆಳ್ಳಗೆ ಬರದಿದ್ದರೆ, ತುದಿ ಕಾಗದವನ್ನು ಕೆರೆದರೆ, ಬೆಳಕಿಗೆ ಹಿಡಿದಾಗ ಹೋಳುಗಳ ನಡುವೆ ಸಂದು ಕಂಡರೆ, ಅದನ್ನು ಬಿಟ್ಟು ಹೊಸದನ್ನು ತೊಳೆದು ಹಾಕಿಕೊಳ್ಳಿ. ಚೂಪು ನಿಬ್ಬನ್ನೇ ಕಲಿಯುವ ಮನಸ್ಸಿದ್ದವರು ಜಪಾನಿನ ನಿಕ್ಕೊ ಜಿ ಇಂದ ಶುರುಮಾಡಲಿ. ಅದು ತುಸು ಬಿಗಿ, ಒತ್ತಡ ತಡೆಯುತ್ತದೆ. 303ರ ಮೃದುತ್ವಕ್ಕೆ ಕೈ ಹಗುರಾದ ಮೇಲೆ ಹೋಗಬಹುದು.