ಐದು ನ್ಯಾನೊಮೀಟರಿನ ನೆರೆಹೊರೆ

ಇಟಗಿಯಂಥ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಬಸುರಿಯರ ಕೈಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವಿರುತ್ತದೆ. ತಾಯಿಯ ರಕ್ತದಲ್ಲಿರುವ ಫೋಲೇಟನ್ನು ಕೂಸಿಗೆ ದಾಟಿಸುವ ಕೆಲಸ ಮಾಸಿನದು. ಅಲ್ಲಿನ ಜೀವಕೋಶಗಳ ಪೊರೆಯ ಮೇಲೆ ಅದನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನುಗಳು ಹೇರಳವಾಗಿವೆ. ಪೊರೆಯ ಮೇಲೆ ಗ್ರಾಹಕಗಳು ಒಂಟಿಯಾಗಿ ಇರುತ್ತವೆಯೋ ಗುಂಪಾಗಿಯೋ ಎಂಬ ದೊಡ್ಡ ಪ್ರಶ್ನೆ ಬಗೆಹರಿಯತೊಡಗಿದ್ದು ಇದೇ ಫೋಲೇಟ್ ಗ್ರಾಹಕದ ಬೆನ್ನು ಹತ್ತಿದಾಗ. ಅದೂ ನಮ್ಮ ಬೆಂಗಳೂರಿನಲ್ಲಿ.

ಪೊರೆಯೆಂದರೆ ಕೊಬ್ಬಿನ ಅಣುಗಳ ಎರಡು ಪದರ, ಅದರಲ್ಲಿ ಪ್ರೋಟೀನುಗಳು ತೇಲಾಡುತ್ತವೆ ಎಂದು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಹೇಳಿದ್ದರು. ಹಾಗಲ್ಲ, ಕೊಲೆಸ್ಟರಾಲ್ ಸೇರಿದ ಪುಟ್ಟ ತೆಪ್ಪಗಳಿವೆ, ಕೆಲವು ಪ್ರೋಟೀನುಗಳು ಅವುಗಳ ಮೇಲೆ ಕಲೆಯುತ್ತವೆ ಎಂದರು 1997ರಲ್ಲಿ ಸೈಮನ್ಸ್ ಮತ್ತು ಇಕೊನೆನ್. ಆದರೆ ಜೀವಂತ ಕೋಶದಲ್ಲಿ ಅವನ್ನು ಆಗ ಕಂಡವರಿರಲಿಲ್ಲ. ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಒಂದೇ ಆಗಿ ತೋರುತ್ತವೆ.

1995ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ ಬಂದ ಸತ್ಯಜಿತ್ ಮೇಯರ್, ವಿದ್ಯಾರ್ಥಿ ರಜತ್ ವರ್ಮಾ ಜೊತೆ ಇನ್ನೊಂದು ದಾರಿ ಹಿಡಿದರು. ಫೋಲೇಟ್ ಗ್ರಾಹಕ ಪೊರೆಯನ್ನು ತೂರಿ ಒಳಹೋಗುವುದಿಲ್ಲ. ಜಿಪಿಐ ಎಂಬ ಕೊಬ್ಬಿನ ಬಾಲವನ್ನು ಹೊರಪದರದಲ್ಲಷ್ಟೇ ಊರಿ ನಿಲ್ಲುತ್ತದೆ. ಅದಕ್ಕೆ ಹೊಳೆಯುವ ಫೋಲಿಕ್ ಆಮ್ಲವನ್ನು ಅಂಟಿಸಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಹಾಯಿಸಿದರು. ಒಂಟಿ ಅಣು ಬಹುಪಾಲು ಅದೇ ದಿಕ್ಕಿನ ಬೆಳಕನ್ನು ಮರಳಿ ಕೊಡುತ್ತದೆ. ಐದು ನ್ಯಾನೊಮೀಟರಿನ ಆಸುಪಾಸಿನಲ್ಲಿ ಅಂಥದೇ ಇನ್ನೊಂದು ಇದ್ದರೆ ಶಕ್ತಿ ಅದಕ್ಕೆ ದಾಟಿ, ಹೊಮ್ಮುವ ಬೆಳಕಿನ ದಿಕ್ಕು ಕದಡುತ್ತದೆ. ಆ ಕದಡಿಕೆಯನ್ನು ಅಳೆದರೆ ನೆರೆಹೊರೆ ಗೊತ್ತಾಗುತ್ತದೆ.

ಲೆಕ್ಕದ ಜಾಣತನ ಮುಂದಿನದು. ಗ್ರಾಹಕಗಳು ಹೇಗೆಂದರೆ ಹಾಗೆ ಚದುರಿದ್ದರೆ, ದಟ್ಟಣೆ ಹೆಚ್ಚಿದಷ್ಟೂ ಕದಡಿಕೆ ಹೆಚ್ಚಬೇಕು. ಹೆಚ್ಚಲಿಲ್ಲ. ದಟ್ಟಣೆ ಎಷ್ಟೇ ಇರಲಿ, ಕದಡಿಕೆ ಅಷ್ಟೇ. ಕೊಲೆಸ್ಟರಾಲನ್ನು ತೆಗೆದರೆ ಈ ಲಕ್ಷಣ ಅಳಿಸಿಹೋಯಿತು. ಗುಂಪುಗಳಿವೆ, 70 ನ್ಯಾನೊಮೀಟರಿಗಿಂತ ಕಿರಿದಾಗಿವೆ ಎಂಬ ಅವರ ಪ್ರಬಂಧ 1998ರಲ್ಲಿ ‘ನೇಚರ್’ನಲ್ಲಿ ಬಂತು. ಅದೇ ವರ್ಷ ಅಮೆರಿಕದಲ್ಲಿ ಆನ್ ಕೆನ್‌ವರ್ದಿ ಮತ್ತು ಮೈಕೆಲ್ ಎಡಿಡಿನ್, ಇಂಥದೇ ಪ್ರೋಟೀನಿಗೆ ಎರಡು ಬಣ್ಣ ಹಚ್ಚಿ ನೋಡಿ, ಗುಂಪಿನ ಸುಳಿವಿಲ್ಲ ಎಂದರು.

ಎರಡೂ ತಂಡಗಳು ಸರಿಯಾಗಿಯೇ ಅಳೆದಿದ್ದವು ಎಂಬುದು 2004ರಲ್ಲಿ ತಿಳಿಯಿತು. ಹೊಳಪನ್ನು ಹಂತಹಂತವಾಗಿ ಆರಿಸುತ್ತ ಅಳೆದಾಗ, ಒಂದು ಗುಂಪಿನಲ್ಲಿರುವುದು ಬರೀ ಎರಡರಿಂದ ನಾಲ್ಕು ಅಣು. ಉಳಿದ ಹೆಚ್ಚಿನವು ಒಂಟಿ. ಇಷ್ಟು ಚಿಕ್ಕ, ವಿರಳ ಗುಂಪು ಎರಡು ಬಣ್ಣದ ವಿಧಾನಕ್ಕೆ ಸುಲಭವಾಗಿ ಸಿಕ್ಕುವಂಥದಲ್ಲ.

ಈ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಭೌತವಿಜ್ಞಾನಿ ಮದನ್ ರಾವ್ ಜೊತೆಗೂಡಿ ನಡೆದ ಯೋಚನೆ. ಅಣುಗಳು ತಾವಾಗಿಯೇ ಕೂಡಿ ಬಿಡುವುದಾದರೆ, ಸಂಖ್ಯೆ ಹೆಚ್ಚಿದಾಗ ಗುಂಪುಗಳ ಪಾಲೂ ಹೆಚ್ಚಬೇಕು. ಇಲ್ಲಿ ಆ ಪಾಲು ಕದಲುವುದೇ ಇಲ್ಲ. ಹಾಗಾದರೆ ಕೋಶವೇ ಶಕ್ತಿ ವ್ಯಯಿಸಿ ಅವನ್ನು ಕೂಡಿಸುತ್ತಿರಬೇಕು! ಹುಡುಕಾಟ ಪೊರೆಯ ಕೆಳಗಿನ ಆಕ್ಟಿನ್ ಎಳೆಗಳತ್ತ ಹೊರಳಿತು. ಆಕ್ಟಿನ್ ಬಿಟ್ಟು ಉಬ್ಬಿದ ಪೊರೆಯ ಗುಳ್ಳೆಗಳಲ್ಲಿ ಗುಂಪುಗಳಿಲ್ಲ ಎಂದು 2008ರಲ್ಲಿ ಖಚಿತವಾಯಿತು. ಹೊರಪದರದಲ್ಲಷ್ಟೇ ಬಾಲ ಊರಿದ ಪ್ರೋಟೀನನ್ನು ಒಳಗಿನ ಎಳೆ ಮುಟ್ಟುವುದಾದರೂ ಹೇಗೆ? ಒಳಪದರದ ಉದ್ದ ಬಾಲದ ಫಾಸ್ಫಟಿಡೈಲ್‌ಸೆರಿನ್ ಎಂಬ ಕೊಬ್ಬು ನಡುವೆ ನಿಂತು ಎರಡನ್ನೂ ಜೋಡಿಸುತ್ತದೆ ಎಂಬ ಉತ್ತರಕ್ಕೆ 2015ರವರೆಗೆ ಕಾಯಬೇಕಾಯಿತು.

ಗುಂಪಿನಿಂದ ಕೋಶಕ್ಕೇನು ಲಾಭ? ಇಂಟೆಗ್ರಿನ್ ಎಂಬ ಬೇರೊಂದು ಗ್ರಾಹಕ ತಾನು ನಿಂತ ನೆಲವನ್ನು ಹಿಡಿದೊಡನೆ ಒಳಗೆ ಸಂಕೇತ ಹರಿದು, ಆಕ್ಟಿನ್ ಚುರುಕಾಗಿ, ಜಿಪಿಐ ಪ್ರೋಟೀನುಗಳು ಗುಂಪುಗೂಡುತ್ತವೆ. ಗುಂಪುಗೂಡದಿದ್ದರೆ ಕೋಶ ಸರಿಯಾಗಿ ಹರಡಿಕೊಳ್ಳಲಾರದು ಎಂದು ಮೇಯರ್ ತಂಡ 2019ರಲ್ಲಿ ತೋರಿಸಿತು. ಅದಕ್ಕೆ ಬಳಸಿದ ಕೋಶಗಳಲ್ಲಿ ಜಿಪಿಐ ಬಾಲವನ್ನು ತಿದ್ದುವ ಪಿಜಿಎಪಿ2 ಮತ್ತು ಪಿಜಿಎಪಿ3 ಜೀನುಗಳು ಕೆಟ್ಟಿದ್ದವು. ಈ ಎರಡರಲ್ಲಿ ಯಾವುದೇ ಒಂದು ಜೀನಿನ ಎರಡೂ ಪ್ರತಿ ಕೆಟ್ಟು ಹುಟ್ಟುವ ಮಕ್ಕಳಲ್ಲಿ ಬೌದ್ಧಿಕ ಬೆಳವಣಿಗೆ ಕುಂಠಿತವಾಗುತ್ತದೆ, ಹಲವರಿಗೆ ಮೂರ್ಛೆ ಬರುತ್ತದೆ.