ಮನುಷ್ಯನನ್ನು ಹೊತ್ತು ನಡೆಯುವ ಯಂತ್ರ

ಚಕ್ರವು ಮಾನವನ ಮಹತ್ವದ ಆವಿಷ್ಕಾರಗಳಲ್ಲಿ ಒಂದೆಂದು ನಾವೆಲ್ಲರೂ ಓದಿದ್ದೇವೆ. ಆದರೆ ಚಕ್ರಕ್ಕೆ ಹಾದಿ ಬೇಕು. ಕಲ್ಲುಬಂಡೆ, ಕೆಸರುಗದ್ದೆ, ಮೆಟ್ಟಿಲು ಎದುರಾದರೆ ಎಷ್ಟು ಬೆಲೆಯ ಗಾಡಿಯೂ ನಿಂತುಬಿಡುತ್ತದೆ. ಆಡಿನ ಮರಿಯಾದರೋ ಅಲ್ಲೇ ಸರಾಗವಾಗಿ ಹತ್ತಿಹೋಗುತ್ತದೆ. ಆದುದರಿಂದ ಕಾಲುಗಳಿಂದ ನಡೆಯುವ ಯಂತ್ರವನ್ನು ಮಾಡಿ, ಅದರೊಳಗೆ ತಾನೇ ಕುಳಿತು ನಡೆಸಬೇಕೆಂಬ ಆಸೆ ಮನುಷ್ಯನಿಗೆ ಹಿಂದಿನಿಂದಲೂ ಇದೆ. ಚಲನಚಿತ್ರಗಳಲ್ಲಿ ಇಂತಹ ದೈತ್ಯ ರೋಬೋಟುಗಳನ್ನು ಕಂಡ ಮಕ್ಕಳು, ‘ಇದನ್ನು ಮನೆಯಲ್ಲೇ ಕಟ್ಟಬಹುದೇ?’ ಎಂದು ಕೇಳುವುದುಂಟು. ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಕಟ್ಟಿದವರು ಇದ್ದಾರೆ. ಹೇಗೆ ಕಟ್ಟಿದರು, ತೊಡಕು ಎಲ್ಲಿದೆ ಎಂಬುದನ್ನು ವಿಚಾರ ಮಾಡೋಣ.

ಮೊದಲನೆಯ ತೊಡಕು ಸಮತೋಲನದ್ದು. ನಡೆಯುವುದೆಂದರೆ ಪ್ರತಿ ಹೆಜ್ಜೆಗೂ ಮುಂದಕ್ಕೆ ಬೀಳತೊಡಗಿ, ಬೀಳುವ ಮೊದಲೇ ಇನ್ನೊಂದು ಕಾಲನ್ನು ಮುಂದಿಟ್ಟು ತಡೆದುಕೊಳ್ಳುವುದು. ಇದನ್ನು ಕಲಿಯಲು ಮಗುವಿಗೆ ಸುಮಾರು ಒಂದು ವರ್ಷ ಬೇಕು. ನಿಂತ ವಸ್ತು ಬೀಳದಿರಬೇಕಾದರೆ, ಅದರ ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಗುಗುಂಡು ಪಾದಗಳು ಆವರಿಸಿದ ಜಾಗದೊಳಗೇ ಬೀಳಬೇಕು. ಮೂರು ಕಾಲಿನ ಸ್ಟೂಲು ಏರುತಗ್ಗಿನ ನೆಲದಲ್ಲೂ ಅಲುಗದೆ ನಿಲ್ಲುತ್ತದೆ. ಇರುವೆಯ ನಡಿಗೆಯ ಗುಟ್ಟೂ ಇದೇ. ಅದರ ಆರು ಕಾಲುಗಳಲ್ಲಿ ಮೂರು ನೆಲದ ಮೇಲಿದ್ದರೆ ಇನ್ನು ಮೂರು ಮುಂದೆ ಸಾಗುತ್ತವೆ. ಆದುದರಿಂದಲೇ ನಡೆಯುವ ಯಂತ್ರ ಕಟ್ಟುವವರಲ್ಲಿ ಅನೇಕರು ಎರಡು ಕಾಲುಗಳನ್ನು ಬಿಟ್ಟು ಆರು ಕಾಲುಗಳನ್ನು ಆರಿಸಿಕೊಂಡಿದ್ದಾರೆ. ಜಪಾನಿನಲ್ಲಿ 2012ರಲ್ಲಿ ಪ್ರದರ್ಶಿತವಾದ ‘ಕುರಾಟಾಸ್’ ಎಂಬ ಸುಮಾರು 4 ಮೀಟರ್ ಎತ್ತರದ ಯಂತ್ರಕ್ಕೆ ಕಾಲುಗಳ ತುದಿಯಲ್ಲಿ ಚಕ್ರಗಳನ್ನೇ ಜೋಡಿಸಿದ್ದರು!

ಎರಡನೆಯದು ಭಾರ. 1.5 ಮೀಟರ್ ಎತ್ತರದ, 40 ಕಿಲೋ ತೂಕದ ಹುಡುಗನನ್ನು ಅದೇ ಆಕಾರದಲ್ಲಿ ಮೂರು ಪಟ್ಟು ದೊಡ್ಡದು ಮಾಡಿದೆವೆನ್ನಿ. ಎತ್ತರ 4.5 ಮೀಟರ್ ಆಯಿತು. ತೂಕವಾದರೋ ಮೂರು ಪಟ್ಟಲ್ಲ. 3 × 3 × 3, ಅಂದರೆ 27 ಪಟ್ಟು, 1,080 ಕಿಲೋ! ಕಾಲಿನ ಎಲುಬಿನ ದಪ್ಪದ ವಿಸ್ತೀರ್ಣ ಮಾತ್ರ ಹೆಚ್ಚಿದ್ದು 9 ಪಟ್ಟು. ಆದುದರಿಂದ ಎಲುಬಿನ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಹಿಂದಿನ ಮೂರು ಪಟ್ಟು ಹೊರೆ ಬೀಳುತ್ತದೆ. ಗೆಲಿಲಿಯೋ 1638ರಲ್ಲಿಯೇ ಈ ತತ್ತ್ವವನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಚಿಕ್ಕ ಮಾದರಿಯನ್ನು ಹಾಗೆಯೇ ಹಿಗ್ಗಿಸಿದರೆ ದೊಡ್ಡ ಯಂತ್ರ ಆಗುವುದಿಲ್ಲ, ಮುರಿದ ಯಂತ್ರ ಆಗುತ್ತದೆ.

ಇಷ್ಟು ಭಾರದ ಕಾಲನ್ನು ಎತ್ತುವ ಶಕ್ತಿ ಎಲ್ಲಿಂದ ಬರಬೇಕು? ಇದಕ್ಕೆ ಪಾಸ್ಕಲನ ನಿಯಮ ನೆರವಾಗುತ್ತದೆ. 1 ಚದರ ಸೆಂಟಿಮೀಟರಿನ ಕೊಂತವನ್ನು 10 ಕಿಲೋ ಭಾರದಷ್ಟು ಒತ್ತಿದರೆ, ಅದಕ್ಕೆ ಎಣ್ಣೆಯ ಕೊಳವೆಯಿಂದ ಸೇರಿಸಿದ 100 ಚದರ ಸೆಂಟಿಮೀಟರಿನ ಕೊಂತ 1,000 ಕಿಲೋ ಎತ್ತಬಲ್ಲದು. ಆದರೆ ದೊಡ್ಡದು 1 ಸೆಂಟಿಮೀಟರ್ ಏರಲು ಚಿಕ್ಕದು 100 ಸೆಂಟಿಮೀಟರ್ ಸಾಗಬೇಕು. ಪ್ರಕೃತಿ ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಮಣ್ಣು ಅಗೆಯುವ ಜೆಸಿಬಿಯ ತೋಳಿನಲ್ಲಿ ಕೆಲಸ ಮಾಡುವುದೂ ಇದೇ ತತ್ತ್ವ.

ಇನ್ನು ಉಳಿದದ್ದು ನಡೆಸುವ ಬಗೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ರಾಲ್ಫ್ ಮೋಷರ್ 1960ರ ದಶಕದಲ್ಲಿ ಸೈನ್ಯಕ್ಕಾಗಿ ಸುಮಾರು 11 ಅಡಿ ಎತ್ತರದ ನಾಲ್ಕು ಕಾಲಿನ ಯಂತ್ರವೊಂದನ್ನು ರಚಿಸಿದನು. ಒಳಗೆ ಕುಳಿತವನು ಕೈಯಾಡಿಸಿದರೆ ಅದರ ಮುಂಗಾಲು, ಕಾಲಾಡಿಸಿದರೆ ಹಿಂಗಾಲು ಆಡುತ್ತಿತ್ತು. ಯಂತ್ರದ ಪಾದಕ್ಕೆ ಕಲ್ಲು ತಾಗಿದರೆ ಆ ತಡೆ ಅವನ ಕೈಕಾಲಿಗೂ ತಿಳಿಯುತ್ತಿತ್ತು. ಅದ್ಭುತ ಯಂತ್ರವೇ ಸರಿ; ಆದರೆ ನಾಲ್ಕು ಕಾಲುಗಳ ಮೇಲೂ ಗಮನವಿಟ್ಟು ಚಾಲಕನು ಸ್ವಲ್ಪ ಹೊತ್ತಿಗೇ ಬಳಲುತ್ತಿದ್ದನು. 1980ರ ದಶಕದಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದವರು ಆರು ಕಾಲಿನ ವಾಹನವೊಂದನ್ನು ಕಟ್ಟಿದಾಗ ಈ ಹೊರೆಯನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಚಾಲಕನು ದಿಕ್ಕು ತೋರಿಸಿದರೆ ಸಾಕು, ಕಾಲುಗಳನ್ನು ಹೊಂದಿಸುವ ಕೆಲಸ ಕಂಪ್ಯೂಟರಿನದು.

ದೊಡ್ಡ ಸಂಸ್ಥೆಗಳ ಈ ಕೆಲಸವನ್ನು ಸಣ್ಣ ಕಾರ್ಯಾಗಾರದಲ್ಲಿ ಸಾಧಿಸಿದವರಲ್ಲಿ ಇಂಗ್ಲೆಂಡಿನ ಮ್ಯಾಟ್ ಡೆಂಟನ್ ಒಬ್ಬರು. ಅವರ ‘ಮ್ಯಾಂಟಿಸ್’ ಯಂತ್ರಕ್ಕೆ ಆರು ಕಾಲು, 2.8 ಮೀಟರ್ ಎತ್ತರ, ಹತ್ತಿರ ಹತ್ತಿರ 2 ಟನ್ ತೂಕ. ಡೀಸೆಲ್ ಎಂಜಿನ್ ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಕಾಲುಗಳನ್ನು ಆಡಿಸುತ್ತದೆ, ಡೆಂಟನ್ ಒಳಗೆ ಕುಳಿತು ನಡೆಸುತ್ತಾರೆ. ಇದಕ್ಕೆ ಹಿಡಿದದ್ದು ಸುಮಾರು ನಾಲ್ಕು ವರ್ಷ. ಅದಕ್ಕೂ ಮೊದಲು ಅವರು ಆರು ಕಾಲಿನ ಚಿಕ್ಕ ರೋಬೋಟುಗಳನ್ನು ಮಾಡಿ ಪಳಗಿದ್ದರು ಎಂಬುದನ್ನು ನಾವು ಮರೆಯಬಾರದು. ಜಪಾನಿನ ಮಸಾಕಿ ನಾಗುಮೋ ಎಂಬ ಎಂಜಿನಿಯರರು 2018ರಲ್ಲಿ ತೋರಿಸಿದ ರೋಬೋಟಿನ ಎತ್ತರ 8.5 ಮೀಟರ್, ತೂಕ 7 ಟನ್ನಿಗೂ ಹೆಚ್ಚು. ಅದರ ವೇಗ ಗಂಟೆಗೆ 1 ಕಿಲೋಮೀಟರಿಗಿಂತ ಕಡಿಮೆ. ಬಿಚ್ಚದೆ ಕಾರ್ಖಾನೆಯ ಬಾಗಿಲು ದಾಟಿಸುವಂತೆಯೂ ಇರಲಿಲ್ಲ!

ಮನೆಯಲ್ಲಿ ಕಟ್ಟುವವರು ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ಒಳಗೆ ಕುಳಿತವನ ಪ್ರಾಣವನ್ನು. ಯಂತ್ರ ಮಗುಚಿದರೆ ತಾಳಿಕೊಳ್ಳುವ ಗಟ್ಟಿ ಪಂಜರ, ನಡುಪಟ್ಟಿ, ಒಮ್ಮೆ ಒತ್ತಿದರೆ ಎಲ್ಲವೂ ನಿಲ್ಲುವ ಗುಂಡಿ ಇವಿಲ್ಲದೆ ಯಾರೂ ಹತ್ತಬಾರದು. ಒತ್ತಡದ ಎಣ್ಣೆ ಕೊಳವೆಯ ಸಣ್ಣ ತೂತಿನಿಂದ ಚಿಮ್ಮಿದರೂ ಚರ್ಮವನ್ನು ಸೀಳಿ ಒಳನುಗ್ಗುತ್ತದೆ. ಚಿಕ್ಕ ಮಾದರಿ ಬಿದ್ದರೆ ನಮಗೆ ಒಂದು ಪಾಠ ಸಿಗುತ್ತದೆ. ದೊಡ್ಡ ಯಂತ್ರ ಬಿದ್ದರೆ ಒಂದು ಜೀವ ಹೋಗುತ್ತದೆ.

ಆದುದರಿಂದ, ವಿದ್ಯಾರ್ಥಿಗಳೇ, ಚಿಕ್ಕದರಿಂದ ಆರಂಭಿಸಿರಿ. ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು, ಒಂದು 5 ಮಿಲಿಲೀಟರಿನದು, ಇನ್ನೊಂದು 20ರದು, ನೀರು ತುಂಬಿದ ಸಣ್ಣ ಕೊಳವೆಯಿಂದ ಸೇರಿಸಿರಿ. ಒಳಗೆ ಗಾಳಿಯ ಗುಳ್ಳೆ ಉಳಿಯದಿರಲಿ. ಚಿಕ್ಕದನ್ನು ಒತ್ತಿ ದೊಡ್ಡದರ ಬಲವನ್ನು ಬೆರಳಿನಿಂದ ತಡೆದು ನೋಡಿರಿ. ಬಿದಿರಿನ ಕಡ್ಡಿಗಳಿಂದ ಆರು ಕಾಲಿನ ಚೌಕಟ್ಟು ಕಟ್ಟಿ, ಯಾವ ಮೂರು ಕಾಲುಗಳನ್ನು ಎತ್ತಿದರೆ ಅದು ನಿಲ್ಲುವುದು, ಯಾವ ಮೂರನ್ನು ಎತ್ತಿದರೆ ಬೀಳುವುದು ಎಂದು ಬರೆದಿಟ್ಟುಕೊಳ್ಳಿರಿ. ಮನೆಯ ಮೂಲೆಯಲ್ಲಿ ಕಡ್ಡಿ, ದಾರ, ಕೊಳವೆ ಹರಡಿಕೊಂಡಿದ್ದರೆ ಪೋಷಕರು ಕೆಲವು ದಿನ ಸಹಿಸಿಕೊಳ್ಳಬೇಕೆಂದು ನಮ್ಮ ಬಿನ್ನಹ. ಹನ್ನೆರಡು ಸಲ ಬಿದ್ದ ಮಾದರಿ ಹದಿಮೂರನೆಯ ಸಲ ಒಂದು ಹೆಜ್ಜೆ ಇಟ್ಟರೆ, ಆ ಮಗು ಕಲಿತ ವಿಜ್ಞಾನ ಪರೀಕ್ಷೆ ಮುಗಿದ ಮೇಲೂ ಅದರ ಜೊತೆಗೇ ಉಳಿಯುತ್ತದೆ.